ಕದ್ದವನು ಮತ್ತು ಕಳ್ಳ



'ಅಪರಾಧ ಕಾನೂನಿನ ತಳಹದಿ' ಎಂಬ ವಿಷಯವನ್ನು ಈ ದತ್ತಿ ಉಪನ್ಯಾಸಕ್ಕೆ ಕೊಟ್ಟಿದ್ದೀರಿ. ಕನ್ನಡ ಶಾಲೆಯ ವ್ಯಾಕರಣ ಪಾಠದಿಂದ ಶುರು ಮಾಡುತ್ತೇನೆ. 'ಕದ್ದವನು' ಅನ್ನುವುದು ಕೃದಂತ. ಅದರ ಹೊಟ್ಟೆಯಲ್ಲೊಂದು ಕ್ರಿಯೆ ಇದೆ, ಕಾಲವೂ ಇದೆ. ಯಾವಾಗ ಕದ್ದ, ಏನು ಕದ್ದ, ಯಾರದನ್ನು ಕದ್ದ ಎಂದು ಅದನ್ನು ಕೇಳಬಹುದು, ಉತ್ತರವನ್ನೂ ಪಡೆಯಬಹುದು. 'ಕಳ್ಳ' ಅನ್ನುವ ಮಾತಿಗೆ ಕಾಲವಿಲ್ಲ. ನಿನ್ನೆಯೂ ಕಳ್ಳ, ಇವತ್ತೂ ಕಳ್ಳ, ತೊಟ್ಟಿಲಲ್ಲಿ ಮಲಗಿದ್ದಾಗಲೂ ಕಳ್ಳ. ಇನ್ನೊಂದು ರೂಪ 'ಕದಿಯುವವನು'. ಅದರೊಳಗೆ ನಾಳೆಯೂ ಸೇರಿಕೊಂಡಿದೆ, ಇನ್ನೂ ಕದಿಯದವನನ್ನೂ ಅದು ಹಿಡಿದು ನಿಲ್ಲಿಸಬಲ್ಲದು. ಈ ಮೂರು ಪದಗಳ ಅಂತರ ಗೊತ್ತಾದವನಿಗೆ ಅಪರಾಧ ಕಾನೂನಿನ ಅರ್ಧ ಗೊತ್ತಾದಂತೆ. ಆ ಅಂತರ ಅಳಿಸಿಹೋದಾಗ ಏನಾಗುತ್ತದೆ ಎಂಬುದನ್ನು ನೋಡಲು ನಾವು ದೂರದ ಊರಿಗೆ ಹೋಗಬೇಕಿಲ್ಲ. ಈ ಘಟಪ್ರಭಾದಿಂದ ಬಸ್ಸು ಹತ್ತಿದರೆ ಸ್ವಲ್ಪ ಹೊತ್ತಿಗೆ ಸಿಗುವ ಗೋಕಾಕ ಫಾಲ್ಸಿನವರೆಗೆ ಹೋದರೆ ಸಾಕು.

ಮೊದಲು ತಳಹದಿಯ ಮಾತು. ಮೆಕಾಲೆಯ ಆಯೋಗ 1837ರಲ್ಲಿ ಕರಡು ಮಾಡಿದ ದಂಡಸಂಹಿತೆ 1860ರಲ್ಲಿ ಕಾಯ್ದೆಯಾಗಿ 1862ರ ಜನವರಿ 1ರಿಂದ ಜಾರಿಗೆ ಬಂತು. ಅದರ 378ನೆಯ ಕಲಮು ಕಳವನ್ನು ಹೇಗೆ ವಿವರಿಸುತ್ತದೆ ನೋಡಿ. ವಸ್ತು ಚರ ಸೊತ್ತಾಗಿರಬೇಕು. ಇನ್ನೊಬ್ಬರ ವಶದಲ್ಲಿರಬೇಕು. ಅವರ ಒಪ್ಪಿಗೆ ಇರಬಾರದು. ಮನಸ್ಸಿನಲ್ಲಿ ಅಪ್ರಾಮಾಣಿಕತೆ ಇರಬೇಕು. ಆ ಮನಸ್ಸಿನಿಂದ ವಸ್ತುವನ್ನು ಇದ್ದಲ್ಲಿಂದ ಕದಲಿಸಿರಬೇಕು. ಕದಲಿಸಿದವನ ಅಪ್ಪ ಯಾರು, ಓಣಿ ಯಾವುದು ಎಂಬ ಮಾತೇ ಅಲ್ಲಿಲ್ಲ. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಬಂದು 378 ಹೋಗಿ 303 ಆಯಿತು. ಕಲಮಿನ ಸಂಖ್ಯೆ ಬದಲಾಯಿತು, ವ್ಯಾಖ್ಯೆಯ ಬೆನ್ನೆಲುಬು ಹಾಗೆಯೇ ಉಳಿಯಿತು. ಕೃತ್ಯ ಒಂದು, ಆ ಕೃತ್ಯದ ಹಿಂದಿನ ಮನಸ್ಸು ಒಂದು. ಇವೆರಡೂ ಕೂಡಿದರೆ ಅಪರಾಧ. ಇಟಲಿಯ ಬೆಕ್ಕಾರಿಯಾ 1764ರಲ್ಲಿ ಬರೆದ ಪುಟ್ಟ ಪುಸ್ತಕದ ಜೀವಾಳವೂ ಇದೇ: ಶಿಕ್ಷೆಯನ್ನು ಕೃತ್ಯದಿಂದ ಅಳೆಯಬೇಕು, ಆಳಿನಿಂದ ಅಲ್ಲ.

ವಕೀಲಿಕೆಯ ಮೊದಲ ವರ್ಷಗಳಲ್ಲಿ ನಾನೂ ಇದನ್ನೆಲ್ಲ ಬಾಯಿಪಾಠ ಮಾಡಿದ್ದೆ. ನಿಜವಾಗಿ ಕಲಿಸಿದವಳು ಒಬ್ಬ ಮುದುಕಿ. ಪೇಟೆಯಲ್ಲೊಂದು ಮನೆಗಳವು ಆಗಿತ್ತು. ಎರಡು ದಿನದ ಮೇಲೆ ಅವಳ ಮಗನನ್ನು ಪೊಲೀಸರು ಎತ್ತಿಕೊಂಡು ಹೋದರು. ಯಾವ ಠಾಣೆ ಎಂಬುದು ಇಲ್ಲಿ ಬೇಡ. ಕಾಗದಪತ್ರ ತರಿಸಿ ನೋಡಿದರೆ ಸಾಕ್ಷಿಯಿಲ್ಲ, ಮಾಲು ಸಿಕ್ಕಿಲ್ಲ, ಬೆರಳಚ್ಚಿಲ್ಲ. ಇದ್ದದ್ದು ಎಂ.ಓ.ಬಿ. ಪಟ್ಟಿಯಲ್ಲಿ, ಅಂದರೆ ಪೊಲೀಸರು ಇಟ್ಟುಕೊಳ್ಳುವ ಹಳೆಯ ಅಪರಾಧಿಗಳ ಪಟ್ಟಿಯಲ್ಲಿ, ಅವನ ಹೆಸರು, ಅವನ ಹೆಸರಿಗಿಂತ ಮುಂಚೆ ಅದೇ ಪಟ್ಟಿಯಲ್ಲಿದ್ದ ಅವನ ತಂದೆಯ ಹೆಸರು. ಮುದುಕಿ ನನ್ನ ಮೇಜಿನ ಮುಂದೆ ನೆಲಕ್ಕೇ ಕೂತು ಹೇಳಿದಳು: "ವಕೀಲ್ರ, ನನ ಮಗಾ ಕದ್ದಾನೋ ಇಲ್ಲೋ ಅದನ್ನ ಕೇಳ್ರಿ. ಅಂವ ಯಾರ ಮಗಾ ಅಂತ ಯಾಕ ಕೇಳ್ತಾರ್ರಿ ಎಲ್ಲಾರೂ?"

ಆ ಹುಡುಗ ಆ ರಾತ್ರಿ ಕಬ್ಬು ಕಡಿಯುವ ಗ್ಯಾಂಗಿನ ಜೊತೆ ಬೇರೊಂದು ತಾಲೂಕಿನ ಹೊಲದಲ್ಲಿದ್ದ. ಗ್ಯಾಂಗಿನ ಮುಕಾದಮ ಇಟ್ಟಿದ್ದ ಎಣ್ಣೆ ಜಿಡ್ಡಿನ ಹಾಜರಿ ವಹಿಯಲ್ಲಿ ಅವನ ಹೆಸರಿನ ಮುಂದೆ ಗುರುತು ಬಿದ್ದಿತ್ತು. ಆ ವಹಿ ಅವನನ್ನು ಬಿಡಿಸಿತು. ಆದರೆ ಅದೇ ಮುದುಕಿ ಮಾತಿನ ನಡುವೆ ಇನ್ನೊಂದು ಹಾಜರಿಯ ವಿಷಯ ಹೇಳಿದಳು. ಅವಳ ಮಾವ ದಿನಾ ಹೆಸರು ಕೂಗಿಸಿಕೊಂಡು ಬರುತ್ತಿದ್ದನಂತೆ. ಎಲ್ಲಿ ಎಂದು ಕೇಳಿದೆ. "ಸೆಟ್ಲಮೆಂಟಿನ್ಯಾಗ್ರಿ" ಅಂದಳು. ಆ ಒಂದು ಪದದ ಹಿಂದೆ ಹೋಗಿ ನಾನು ಓದಿದ್ದನ್ನೇ ಇವತ್ತು ನಿಮ್ಮ ಮುಂದೆ ಇಡುತ್ತಿದ್ದೇನೆ.

1871ರ ಅಕ್ಟೋಬರಿನಲ್ಲಿ ಕ್ರಿಮಿನಲ್ ಟ್ರೈಬ್ಸ್ ಆಕ್ಟ್, ಅಂದರೆ ಅಪರಾಧಿ ಬುಡಕಟ್ಟುಗಳ ಕಾಯ್ದೆ, ಬಂತು. ಆಗ ವೈಸ್‌ರಾಯ್ ಕೌನ್ಸಿಲಿನ ಕಾನೂನು ಸದಸ್ಯ ಜೇಮ್ಸ್ ಫಿಟ್ಸ್‌ಜೇಮ್ಸ್ ಸ್ಟೀಫನ್. ಕಾಯ್ದೆಯ ಹಿಂದಿದ್ದ ತರ್ಕ ಸರಳ. ಈ ದೇಶದಲ್ಲಿ ಕಸುಬು ಜಾತಿಯಿಂದ ಬರುತ್ತದೆ, ಬಡಿಗನ ಮಗ ಬಡಿಗ, ನೇಕಾರನ ಮಗ ನೇಕಾರ, ಹಾಗೆಯೇ ಕಳ್ಳನ ಮಗ ಕಳ್ಳ. ಮರುವರ್ಷ, 1872ರಲ್ಲಿ, ಅದೇ ಸ್ಟೀಫನ್ ಸಾಕ್ಷ್ಯ ಕಾಯ್ದೆಯನ್ನು ರಚಿಸಿದ. ಅದರ 54ನೆಯ ಕಲಮು, ಆರೋಪಿ ತನ್ನ ಒಳ್ಳೆಯ ನಡತೆಯನ್ನು ತಾನೇ ಮುಂದಿಟ್ಟ ಹೊರತು ಅವನ ಕೆಟ್ಟ ನಡತೆ ಪ್ರಸ್ತುತವಲ್ಲ ಎಂದಿತು. ಇವತ್ತಿನ ಸಾಕ್ಷ್ಯ ಅಧಿನಿಯಮದ 49ನೆಯ ಕಲಮಿನಲ್ಲೂ ಆ ಮಾತು ಉಳಿದಿದೆ. ಒಂದೇ ಕೈ, ವರ್ಷದ ಅಂತರದಲ್ಲಿ, ಒಂದು ಕಡೆ ಕೃತ್ಯವನ್ನಷ್ಟೇ ನೋಡು ಎಂದು ಬರೆದು ಇನ್ನೊಂದು ಕಡೆ ಹುಟ್ಟನ್ನೇ ನೋಡು ಎಂದು ಬರೆಯಿತು. ನನಗೆ ಇದು ಮರೆವಿನ ತಪ್ಪಾಗಿ ಕಾಣುವುದಿಲ್ಲ. ಊರಲ್ಲಿ ಮನೆ-ಹೊಲ ಇದ್ದವರಿಗೆ ಒಂದು ಕಾನೂನು, ಊರೂರು ತಿರುಗುವವರಿಗೆ ಇನ್ನೊಂದು ಎಂದು ಅರಿತೇ ಮಾಡಿದ್ದು.

ಮೊದಲು ಉತ್ತರ ಭಾರತಕ್ಕಷ್ಟೇ ಇದ್ದ ಕಾಯ್ದೆಯನ್ನು 1911ರಲ್ಲಿ ಹೊಸದಾಗಿ ಬರೆದು ಇಡೀ ಬ್ರಿಟಿಷ್ ಇಂಡಿಯಾಕ್ಕೆ ಹಬ್ಬಿಸಿದರು. ಬೆಳಗಾವಿ, ಧಾರವಾಡ, ವಿಜಾಪುರ ಜಿಲ್ಲೆಗಳು ಆಗ ಮುಂಬಯಿ ಪ್ರಾಂತದಲ್ಲಿದ್ದವು. ಅಷ್ಟು ಹೊತ್ತಿಗೆ ಪೊಲೀಸ್ ಅಧಿಕಾರಿ ಮೈಕಲ್ ಕೆನಡಿ ಮುಂಬಯಿ ಪ್ರಾಂತದ 'ಅಪರಾಧಿ ವರ್ಗ'ಗಳ ಮೇಲೆ 1908ರಲ್ಲಿ ಪುಸ್ತಕವನ್ನೇ ಪ್ರಕಟಿಸಿದ್ದ. ಪಟ್ಟಿಗೆ ಸೇರಿದವರ ಹೆಸರು ನಮ್ಮ ಭಾಗದವರಿಗೆ ಹೊಸದಲ್ಲ: ಕೊರವರು, ಘಂಟಿಚೋರರು, ಹರಣಶಿಕಾರಿಗಳು, ಛಪ್ಪರಬಂದರು, ಕಂಜರಭಾಟರು. 'ಘಂಟಿಚೋರ' ಎಂಬುದನ್ನು ಒಮ್ಮೆ ನಿಧಾನವಾಗಿ ಉಚ್ಚರಿಸಿ ನೋಡಿ. ಜಾತಿಯ ಹೆಸರಿನಲ್ಲೇ 'ಚೋರ' ಕೂತಿದ್ದಾನೆ. ಆ ಜಾತಿಯ ಮಗುವಿನ ಶಾಲಾ ದಾಖಲೆಯಲ್ಲೂ ಅದೇ ಪದ ಬರೆಯಬೇಕು. 'ಕಳ್ಳ' ಎಂಬುದಕ್ಕೆ ಕಾಲವಿಲ್ಲ ಎಂದು ನಾನು ಮೊದಲೇ ಹೇಳಿದ್ದರ ಅರ್ಥ ಇದು.

ಕಾಯ್ದೆ ಕೆಲಸ ಮಾಡಿದ ಬಗೆ ಹೀಗೆ. ಸರಕಾರ ಒಂದು ಜನಾಂಗವನ್ನು ಅಪರಾಧಿ ಎಂದು ಅಧಿಸೂಚನೆ ಹೊರಡಿಸುತ್ತದೆ. ಆ ಅಧಿಸೂಚನೆ ಸರಿಯೋ ತಪ್ಪೋ ಎಂದು ಕೇಳುವ ಅಧಿಕಾರ ಯಾವ ನ್ಯಾಯಾಲಯಕ್ಕೂ ಇಲ್ಲ ಎಂದು ಕಾಯ್ದೆಯೇ ಹೇಳುತ್ತದೆ. ಆಮೇಲೆ ನೋಂದಣಿ, ಬೆರಳಚ್ಚು, ಹಾಜರಿ. ಹೊರಗೆ ಹೋಗಬೇಕಾದರೆ ಪಾಸು. ಪಾಸಿಲ್ಲದೆ ಸಿಕ್ಕರೆ ಅದೇ ಒಂದು ಅಪರಾಧ. ತಿರುಗುತ್ತಿದ್ದವರನ್ನು ತಂದು ಸೆಟ್ಲಮೆಂಟಿನಲ್ಲಿ ಇರಿಸುವ ಅಧಿಕಾರ, ಮಕ್ಕಳನ್ನು ತಂದೆತಾಯಿಯಿಂದ ಬೇರ್ಪಡಿಸಿ ಸುಧಾರಣಾ ಶಾಲೆಗೆ ಹಾಕುವ ಅಧಿಕಾರ. ಶಿಕ್ಷೆಯಲ್ಲೂ ಬೇರೆ ತಕ್ಕಡಿ: ಪಟ್ಟಿಯ ಜನಾಂಗದವನು ಕಾಯ್ದೆ ಹೆಸರಿಸಿದ ಅಪರಾಧಕ್ಕೆ ಎರಡನೆಯ ಸಲ ಸಿಕ್ಕರೆ, ನ್ಯಾಯಾಲಯ ವಿಶೇಷ ಕಾರಣ ಕೊಟ್ಟ ಹೊರತು, 7 ವರ್ಷಕ್ಕೆ ಕಡಿಮೆಯಿಲ್ಲದ ಸಜೆ. ಮೂರನೆಯ ಸಲಕ್ಕೆ ಜೀವಾವಧಿ ಕರಿನೀರು. ಅದೇ ಅಪರಾಧವನ್ನು ಅಷ್ಟೇ ಸಲ ಮಾಡಿದ ಬೇರೆಯವನಿಗೆ ಈ ಲೆಕ್ಕ ಇಲ್ಲ.

ಸೆಟ್ಲಮೆಂಟುಗಳ ಕೆಲಸ ವಿಜಾಪುರದಲ್ಲಿ ಶುರುವಾಯಿತು. ಅದನ್ನು ನಡೆಸಿದ ಅಧಿಕಾರಿ ಐ.ಸಿ.ಎಸ್.ನ ಓ. ಎಚ್. ಬಿ. ಸ್ಟಾರ್ಟ್. ಆಮೇಲೆ ಹುಬ್ಬಳ್ಳಿ, ಗದಗ, ಸೊಲ್ಲಾಪುರ, ನಮ್ಮ ಗೋಕಾಕ ಫಾಲ್ಸ್. ಹುಬ್ಬಳ್ಳಿ, ಗದಗಿನಲ್ಲಿ ಇವತ್ತಿಗೂ ಆಟೊದವನಿಗೆ 'ಸೆಟ್ಲಮೆಂಟ್' ಅಂದರೆ ಸಾಕು, ಕರೆದುಕೊಂಡು ಹೋಗುತ್ತಾನೆ. ಈ ಊರುಗಳನ್ನು ಯಾಕೆ ಆರಿಸಿದರು ಎಂದು ಕೇಳಿಕೊಳ್ಳಿ. ಗಿರಣಿ, ರೈಲು ಕಾರ್ಖಾನೆ, ಹತ್ತಿ ಪೇಟೆ ಇರುವ ಊರುಗಳಿವು. ಗೋಕಾಕದ ಗಿರಣಿ ಕಂಪನಿ 1885ರಲ್ಲಿ ಹುಟ್ಟಿದ್ದು. 52 ಮೀಟರ್ ಎತ್ತರದಿಂದ ಬೀಳುವ ಘಟಪ್ರಭೆಯ ನೀರೇ ಅದರ ಯಂತ್ರಗಳನ್ನು ತಿರುಗಿಸಿತು. ನೀರು ಪುಕ್ಕಟೆ ಸಿಗುತ್ತಿತ್ತು. ಬಂಡೆಗಳ ನಡುವಿನ ಆ ಮೂಲೆಗೆ ದಿನಾ ತಪ್ಪದೆ ಬರುವ ಆಳುಗಳು ಸಿಗುವುದು ಕಷ್ಟವಿತ್ತು. ಪಾಸಿಲ್ಲದೆ ಊರು ಬಿಡಲಾಗದ, ಸಂಜೆ ಹಾಜರಿಗೆ ಮರಳಲೇಬೇಕಾದ ಆಳಿಗಿಂತ ಗಟ್ಟಿಯಾದ ಆಳು ಗಿರಣಿಗೆ ಎಲ್ಲಿ ಸಿಗಬೇಕು? ಸುಧಾರಣೆಯ ಹೆಸರಿನಲ್ಲಿ ಸರಕಾರಕ್ಕೆ ಕಾವಲಿನ ಖರ್ಚು ಉಳಿಯಿತು, ಗಿರಣಿಗೆ ಕೈ ಸಿಕ್ಕವು.

ಸ್ಟಾರ್ಟ್‌ಗೆ ಅನ್ಯಾಯ ಮಾಡಬಾರದು. ಆತ ಶಾಲೆಗಳಿಗೆ ಒತ್ತು ಕೊಟ್ಟ, ಒಳ್ಳೆಯ ನಡತೆ ತೋರಿದವರಿಗೆ ಕಟ್ಟುಪಾಡು ಸಡಿಲಿಸಿದ, ಕಸುಬು ಕಲಿಸಿದ. 1928ರಲ್ಲಿ ಮುಂಬಯಿ ಸರಕಾರ ದಲಿತರ ಮತ್ತು ಆದಿವಾಸಿಗಳ ಸ್ಥಿತಿಗತಿ ನೋಡಲು ನೇಮಿಸಿದ ಸಮಿತಿಗೆ ಅವನೇ ಅಧ್ಯಕ್ಷ, ಡಾ. ಅಂಬೇಡ್ಕರ್ ಅದರ ಸದಸ್ಯರು. ಸೆಟ್ಲಮೆಂಟಿನ ಶಾಲೆಯಲ್ಲೇ ಮೊದಲ ಅಕ್ಷರ ತಿದ್ದಿದ ಮನೆಗಳು ಉಂಟು, ಅವರು ಅದನ್ನು ಕೃತಜ್ಞತೆಯಿಂದಲೇ ನೆನೆಯುತ್ತಾರೆ. ಹಾಗಿದ್ದರೂ ನನ್ನ ತೀರ್ಮಾನ ಬದಲಾಗುವುದಿಲ್ಲ. ಶಾಲೆ ಕಟ್ಟಲು ಬೇಲಿ ಬೇಕಿರಲಿಲ್ಲ. ತಪ್ಪು ಮಾಡದ ಹೆಂಗಸು ದಿನಾ ಹೆಸರು ಕೂಗಿಸಿಕೊಳ್ಳುವುದು ಯಾವ ಸುಧಾರಣೆಯೂ ಅಲ್ಲ, ಅದು ವಿಚಾರಣೆಯಿಲ್ಲದ ಸಜೆ.

ಇನ್ನು ಸಿದ್ಧಾಂತದ ಮಾತು. ಹುಟ್ಟು ಅಪರಾಧಿ ಎಂಬ ವಾದಕ್ಕೆ ವಿಜ್ಞಾನದ ಅಂಗಿ ತೊಡಿಸಿದವನು ಇಟಲಿಯ ವೈದ್ಯ ಲೊಂಬ್ರೋಸೊ. ಒಬ್ಬ ದರೋಡೆಕೋರನ ತಲೆಬುರುಡೆಯ ಹಿಂಭಾಗದಲ್ಲಿ ಒಂದು ಕುಳಿ ಕಂಡು, ಅಪರಾಧ ಮೈಯಲ್ಲೇ ಇದೆ ಎಂದು ಅವನು ಹೊರಟ. ಅವನ ಪುಸ್ತಕ ಬಂದದ್ದು 1876ರಲ್ಲಿ. ನಮ್ಮ ಕಾಯ್ದೆ ಬಂದದ್ದು ಅದಕ್ಕೂ 5 ವರ್ಷ ಮೊದಲು. ವಿಜ್ಞಾನವನ್ನು ನಂಬಿ ಕಾನೂನು ಮಾಡಿದರು ಎಂಬ ಸಮಾಧಾನಕ್ಕೂ ಇಲ್ಲಿ ಎಡೆಯಿಲ್ಲ. 1913ರಲ್ಲಿ ಇಂಗ್ಲೆಂಡಿನ ಜೈಲು ವೈದ್ಯ ಚಾರ್ಲ್ಸ್ ಗೋರಿಂಗ್ ಸುಮಾರು 3,000 ಕೈದಿಗಳ ಮೈ ಅಳತೆ ತೆಗೆದು ಬೇರೆಯವರೊಡನೆ ಹೋಲಿಸಿ, ಅಪರಾಧಿಗೆಂದು ಬೇರೆ ಮೈಕಟ್ಟು ಇಲ್ಲ ಎಂದು ತೋರಿಸಿದ. ಆ ಹೊತ್ತಿಗೆ ಇಲ್ಲಿ ಹೊಸ ಕಾಯ್ದೆಗೆ ಎರಡು ವರ್ಷ, ಬೆರಳಚ್ಚಿನ ವಹಿಗಳು ತುಂಬುತ್ತಿದ್ದವು.

ಹಾಗಾದರೆ ಈ ಜನರಲ್ಲಿ ಕಳವು ಇರಲೇ ಇಲ್ಲವೇ? ಇತ್ತು. ಇಲ್ಲ ಎಂದರೆ ನಾನು ಸುಳ್ಳು ಹೇಳಿದಂತಾಗುತ್ತದೆ. ಆದರೆ ಯಾಕೆ ಇತ್ತು ಎಂಬುದನ್ನು ನೋಡಬೇಕು. ಕೊರವರು ಹೇರು ಹೊತ್ತ ಕತ್ತೆ ಎತ್ತುಗಳೊಡನೆ ಉಪ್ಪು, ಕಾಳು ಸಾಗಿಸುತ್ತಿದ್ದರು, ಬುಟ್ಟಿ ಹೆಣೆಯುತ್ತಿದ್ದರು. ಲಂಬಾಣಿಗಳ ಎತ್ತಿನ ಸಾಲು ಘಟ್ಟ ಇಳಿದು ಹತ್ತುತ್ತಿತ್ತು. ಪುಣೆ–ಲೋಂಡಾ ರೈಲುದಾರಿ ನಿಮ್ಮ ಇದೇ ಘಟಪ್ರಭಾದ ಮೂಲಕ ಹಾದುಹೋಯಿತು. ಉಪ್ಪಿನ ಮೇಲೆ ಸರಕಾರದ ಕರ ಕೂತಿತ್ತು. 1878ರ ಅರಣ್ಯ ಕಾಯ್ದೆ ಬೇಟೆಗಾರನ ಮುಂದೆ ಕಾಡಿನ ಬಾಗಿಲು ಹಾಕಿತು. ಕಸುಬು ಹೋಯಿತು, ಹೊಟ್ಟೆ ಉಳಿಯಿತು. ಅಮೆರಿಕದ ಸಮಾಜಶಾಸ್ತ್ರಜ್ಞ ರಾಬರ್ಟ್ ಮರ್ಟನ್ 1938ರಲ್ಲಿ, ಬದುಕಿನ ಗುರಿ ಎಲ್ಲರಿಗೂ ಒಂದೇ ಇಟ್ಟು ನೇರ ದಾರಿಯನ್ನು ಕೆಲವರಿಗೆ ಮುಚ್ಚಿದರೆ ಅವರಲ್ಲಿ ಕೆಲವರು ಅಡ್ಡದಾರಿ ಹಿಡಿಯುತ್ತಾರೆ ಎಂದ. ಅದೇ ವರ್ಷ ಫ್ರಾಂಕ್ ಟಾನೆನ್‌ಬಾಮ್, ಹುಡುಗನಿಗೆ ಕೆಟ್ಟವ ಎಂದು ಹಣೆಪಟ್ಟಿ ಹಚ್ಚುವ ವ್ಯವಸ್ಥೆಯೇ ಅವನನ್ನು ಕೆಟ್ಟವನನ್ನಾಗಿ ಮಾಡುತ್ತದೆ ಎಂದ. ಹೊವಾರ್ಡ್ ಬೆಕರ್ 1963ರಲ್ಲಿ ಆ ವಿಚಾರವನ್ನು ಇನ್ನಷ್ಟು ಬೆಳೆಸಿದ. ನನ್ನ ಮುದುಕಿಗೆ ಈ ಯಾರ ಹೆಸರೂ ಗೊತ್ತಿರಲಿಲ್ಲ. "ಕೆಲಸಾ ಕೇಳಾಕ ಹ್ವಾದ್ರ ಓಣಿ ಹೆಸರ ಕೇಳಿ ಹೊಳ್ಳಿ ಕಳಸ್ತಾರ್ರಿ, ಆಮ್ಯಾಲ ಖಾಲಿ ಕುಂತಾನ ಅಂತ ಅನುಮಾನಾ ಪಡ್ತಾರ್ರಿ" ಎಂದು ಆಕೆ ಹೇಳಿದ್ದು ಮಾತ್ರ ಇವರ ಪುಸ್ತಕಗಳ ತಿರುಳೇ.

ಕಾನೂನು ಅಪರಾಧವನ್ನು ಹೇಗೆ ಹುಟ್ಟಿಸುತ್ತದೆ ಎಂಬುದಕ್ಕೆ ಇದೇ ಹೊಳೆಯ ಕೆಳಗಿನ ಮುಧೋಳ ಸೀಮೆಯಲ್ಲಿ ಇನ್ನೂ ಹಳೆಯ ನಿದರ್ಶನವಿದೆ. 1857ರಲ್ಲಿ ಸರಕಾರ ಆಯುಧ ಒಪ್ಪಿಸಬೇಕೆಂದಿತು. ಹಲಗಲಿಯ ಬೇಡರಿಗೆ ಆಯುಧ ಕೈಯ ಮುಂದುವರಿಕೆ ಇದ್ದಂತೆ. ಕೊಡಲಿಲ್ಲ, ಕಾದಾಡಿದರು, ಸೈನ್ಯ ಊರಿಗೆ ಬೆಂಕಿಯಿಟ್ಟಿತು, ಹಿಡಿದವರಲ್ಲಿ ಅನೇಕರನ್ನು ಗಲ್ಲಿಗೇರಿಸಿತು. ನಿನ್ನೆಯವರೆಗೆ ಮನೆಯ ಗೂಟಕ್ಕೆ ತೂಗುತ್ತಿದ್ದ ಕತ್ತಿ ಇವತ್ತಿನಿಂದ ಅಪರಾಧ. ಸ್ವಭಾವತಃ ತಪ್ಪಾದದ್ದು ಬೇರೆ, ಸರಕಾರ ತಪ್ಪೆಂದದ್ದರಿಂದ ತಪ್ಪಾದದ್ದು ಬೇರೆ ಎಂದು ಕಾನೂನು ಕಾಲೇಜಿನಲ್ಲಿ ಕಲಿಸುತ್ತಾರೆ. ವಿದ್ಯಾರ್ಥಿಗಳೇ, ಪರೀಕ್ಷೆಯಲ್ಲಿ ಉದಾಹರಣೆ ಕೇಳಿದರೆ ಹಲಗಲಿಯನ್ನು ಬರೆಯಿರಿ.

ನಮ್ಮವರು ಬೇರೆ ರೀತಿ ಯೋಚಿಸಿದ್ದೂ ಉಂಟು. ಹನ್ನೆರಡನೆಯ ಶತಮಾನದ ಶರಣರಲ್ಲಿ ಕನ್ನದ ಮಾರಿತಂದೆ ಎಂಬಾತ ಇದ್ದ. ಗೋಡೆಗೆ ಕನ್ನ ಕೊರೆಯುವುದು ಅವನ ಮೊದಲಿನ ಕೆಲಸ. ಮಲಗಿದವರ ಮನೆಯಲ್ಲಿ ಕದಿಯುತ್ತಿರಲಿಲ್ಲ, ಎಬ್ಬಿಸಿ ಕದಿಯುತ್ತಿದ್ದ ಎಂಬುದು ಐತಿಹ್ಯ. ಶರಣರು ಅವನನ್ನು ತಮ್ಮೊಳಗೆ ಸೇರಿಸಿಕೊಂಡರು, ಅವನು ವಚನ ಬರೆದ, ಕನ್ನದ ಕಸುಬಿನ ಮಾತುಗಳನ್ನೇ ಅನುಭಾವಕ್ಕೆ ಬಳಸಿದ. ಹೆಸರಿನ ಮುಂದೆ 'ಕನ್ನದ' ಎಂಬುದು ಉಳಿಯಿತು, ಆದರೆ ಆ ಹೆಸರು ಹಿಡಿದು ಅವನನ್ನು ಯಾರೂ ಹಾಜರಿಗೆ ಕರೆಯಲಿಲ್ಲ. ಕದ್ದವನು ಕದಿಯುವುದನ್ನು ಬಿಟ್ಟ ದಿನವೇ 'ಕದ್ದವನು' ಎಂಬುದು ಹಳೆಯ ಮಾತಾಗುತ್ತದೆ ಎಂದು ಅವರಿಗೆ ಗೊತ್ತಿತ್ತು.

ಮುಂಬಯಿ ಪ್ರಾಂತದಲ್ಲಿ ಗೃಹಮಂತ್ರಿ ಕೆ. ಎಂ. ಮುನ್ಷಿ ಅವರ ಸಮಿತಿ 1939ರಲ್ಲಿ ಈ ಕಾಯ್ದೆಯನ್ನು ಪರಿಶೀಲಿಸಿ ವರದಿ ಕೊಟ್ಟಿತು. ಪ್ರಾಂತದಲ್ಲಿ ಕಾಯ್ದೆ ರದ್ದಾದದ್ದು 1949ರಲ್ಲಿ, ಇಡೀ ದೇಶದಲ್ಲಿ 1952ರ ಆಗಸ್ಟ್ 31ರಂದು. ದೇಶಕ್ಕೆ ಸ್ವಾತಂತ್ರ್ಯ ಬಂದು 5 ವರ್ಷವಾದ ಮೇಲೆ ಈ ಜನರಿಗೆ ಬಂತು. ಅದಕ್ಕೇ ಅವರು ಆಗಸ್ಟ್ 31ನ್ನು ವಿಮುಕ್ತ ದಿನವೆಂದು ಆಚರಿಸುತ್ತಾರೆ. ಆದರೆ ಒಂದು ಬಾಗಿಲಿನಿಂದ ಹೋದದ್ದು ಇನ್ನೊಂದರಿಂದ ಬಂತು. ರಾಜ್ಯಗಳು ರೂಢಿಗತ ಅಪರಾಧಿಗಳ ಕಾಯ್ದೆಗಳನ್ನು ಮಾಡಿದವು, ನಮ್ಮಲ್ಲಿ 1961ರಲ್ಲಿ. ಇಲ್ಲಿ ಜನಾಂಗದ ಹೆಸರಿಲ್ಲ, ಒಬ್ಬ ವ್ಯಕ್ತಿಯ ಹಿಂದಿನ ಶಿಕ್ಷೆಗಳ ಲೆಕ್ಕವಿದೆ. ಅಷ್ಟರ ಮಟ್ಟಿಗೆ ಇದು ನ್ಯಾಯಕ್ಕೆ ಹತ್ತಿರ. ಪಟ್ಟಿಯನ್ನು ಬರೆಯುವ ಕೈಗೆ ಹಳೆಯ ರೂಢಿ ಬಿಟ್ಟುಹೋಗಿಲ್ಲ ಎಂಬುದು ನನ್ನ ಅನುಭವ. ಒಳ್ಳೆಯ ನಡತೆಯ ಮುಚ್ಚಳಿಕೆ ಬರೆಸಿಕೊಳ್ಳುವ ಹಳೆಯ ದಂಡಪ್ರಕ್ರಿಯಾ ಸಂಹಿತೆಯ 110ನೆಯ ಕಲಮು ಈಗ ನಾಗರಿಕ ಸುರಕ್ಷಾ ಸಂಹಿತೆಯ 129 ಆಗಿ ಕೂತಿದೆ. ಹಬ್ಬ, ಚುನಾವಣೆ ಬಂದಾಗ ಆ ಕಲಮಿನಡಿ ಯಾವ ಓಣಿಯವರು ಸಾಲಾಗಿ ನಿಲ್ಲುತ್ತಾರೆ ಎಂಬುದನ್ನು ಇಲ್ಲಿರುವ ವಕೀಲರು ನೋಡಿದ್ದೀರಿ.

ಪೊಲೀಸ್ ಇಲಾಖೆಯ ಗೆಳೆಯರೊಬ್ಬರು ನನ್ನೊಡನೆ ವಾದ ಮಾಡಿದ್ದುಂಟು: ಮೇಲಿಂದ ಮೇಲೆ ಕದಿಯುವವರು ನಿಜವಾಗಿಯೂ ಇದ್ದಾರೆ, ಪಟ್ಟಿ ಇಲ್ಲದೆ ನಾವು ಎಲ್ಲಿಂದ ಹುಡುಕಬೇಕು? ಪ್ರಶ್ನೆ ನ್ಯಾಯವಾದದ್ದು. ತನಿಖೆಯ ಮೊದಲ ಹೆಜ್ಜೆಗೆ ಪಟ್ಟಿ ಬೇಕಾದೀತು. ಆ ಪಟ್ಟಿಯಲ್ಲಿ ಶಿಕ್ಷೆಯಾದವನ ಹೆಸರಿರಲಿ, ಶಿಕ್ಷೆಯಾದ ತಾರೀಖೂ ಇರಲಿ, ಹೆಸರು ತೆಗೆಯುವ ತಾರೀಖೂ ಇರಲಿ. ಮಗನ ಹೆಸರು ಬೇಡ. 2024ರ ಮೇ ತಿಂಗಳಿನಲ್ಲಿ ಸುಪ್ರೀಂ ಕೋರ್ಟು ದಿಲ್ಲಿಯ ಒಂದು ಪ್ರಕರಣದಲ್ಲಿ, ಪೊಲೀಸರ ಹಿಸ್ಟರಿ ಶೀಟುಗಳಲ್ಲಿ ಹಿಂದುಳಿದ ಸಮುದಾಯಗಳ ಅಮಾಯಕರು ಪೂರ್ವಗ್ರಹದಿಂದ ಸೇರಿಹೋಗಬಾರದೆಂದು ಎಚ್ಚರಿಸಿತು. ಅದೇ ವರ್ಷ ಅಕ್ಟೋಬರ್ 3ರಂದು ಸುಕನ್ಯಾ ಶಾಂತಾ ಪ್ರಕರಣದಲ್ಲಿ, ಜೈಲು ಕೈಪಿಡಿಗಳು ಜಾತಿ ನೋಡಿ ಕೆಲಸ ಹಂಚುವುದನ್ನೂ ವಿಮುಕ್ತ ಜನಾಂಗದವರನ್ನು ರೂಢಿಗತ ಅಪರಾಧಿಗಳೆಂದು ಎಣಿಸುವುದನ್ನೂ ಸಂವಿಧಾನಬಾಹಿರವೆಂದು ಹೊಡೆದುಹಾಕಿತು. ರದ್ದಾಗಿ 72 ವರ್ಷ ಕಳೆದ ಕಾಯ್ದೆಯ ನೆರಳು ಜೈಲಿನ ಕೈಪಿಡಿಯೊಳಗೆ ಅಲ್ಲಿಯವರೆಗೆ ಉಸಿರಾಡುತ್ತಿತ್ತು.

ಹೊಸ ನ್ಯಾಯ ಸಂಹಿತೆಯಲ್ಲಿ ನನಗೆ ಹಿಡಿಸಿದ ಒಂದು ಮಾತನ್ನೂ ಹೇಳಬೇಕು. 5,000 ರೂಪಾಯಿಗಿಂತ ಕಡಿಮೆ ಬೆಲೆಯ ವಸ್ತುವನ್ನು ಕದ್ದವನು ಮೊದಲ ಸಲ ಶಿಕ್ಷೆಗೊಳಗಾಗುತ್ತಿದ್ದು, ವಸ್ತುವನ್ನೋ ಅದರ ಬೆಲೆಯನ್ನೋ ಮರಳಿಸಿದರೆ, ಅವನಿಗೆ ಸಮುದಾಯ ಸೇವೆಯೇ ಶಿಕ್ಷೆ ಎಂದು 303ನೆಯ ಕಲಮು ಹೇಳುತ್ತದೆ. ಒಂದು ಕಾಲಕ್ಕೆ ಮೂರನೆಯ ಅಪರಾಧಕ್ಕೆ ಕರಿನೀರು ತೋರಿಸಿದ ನೆಲದಲ್ಲಿ ಈ ಸಾಲು ಬಂದಿದೆ. ಇದರ ಲಾಭ ಯಾವ ಓಣಿಯ ಹುಡುಗರಿಗೆ ಸಿಗುತ್ತದೆ, ಯಾರಿಗೆ ಸಿಗುವುದಿಲ್ಲ ಎಂಬುದನ್ನು ಗೋಕಾಕ, ಹುಕ್ಕೇರಿ ಕೋರ್ಟುಗಳಲ್ಲಿ ನಿಲ್ಲುವ ನಾವೇ ಕಾಯಬೇಕು.

ಕಿರಿಯ ವಕೀಲರಲ್ಲಿ ನನ್ನ ಬೇಡಿಕೆ ಎರಡೇ. ರಿಮ್ಯಾಂಡಿಗೆ ಹುಡುಗನನ್ನು ಹಾಜರುಪಡಿಸಿದಾಗ ಎದ್ದು ನಿಂತು ಕೇಳಿ: ಇವನು ಮಾಡಿದ್ದೇನು, ಯಾವ ದಿನ, ಕಂಡವರು ಯಾರು? ಕಡತದಲ್ಲಿ ಪಟ್ಟಿಯ ಹೊರತು ಬೇರೇನೂ ಇಲ್ಲದಿದ್ದರೆ ಅದನ್ನು ನ್ಯಾಯಾಧೀಶರ ಮುಂದೆ ಬಾಯಿಬಿಟ್ಟು ಹೇಳಿ, ಆದೇಶದಲ್ಲಿ ಬರೆಸಿ. ಎರಡನೆಯದು, ಗೋಕಾಕ ಫಾಲ್ಸಿನ ಸೆಟ್ಲಮೆಂಟಿನಲ್ಲಿ ಹುಟ್ಟಿದ ಹಿರಿಯರು ಇನ್ನೂ ಕೆಲವರು ನಮ್ಮ ನಡುವೆ ಇದ್ದಾರೆ. ಕಾನೂನು ವಿದ್ಯಾರ್ಥಿಗಳು ರಜೆಯಲ್ಲಿ ಒಂದು ನೋಟುಬುಕ್ಕು ಹಿಡಿದು ಅವರ ಮನೆಗೆ ಹೋಗಿ, ಅವರ ಒಪ್ಪಿಗೆ ಕೇಳಿ, ಹಾಜರಿಯ ದಿನಗಳನ್ನು ಅವರದೇ ಮಾತಿನಲ್ಲಿ ಬರೆದುಕೊಳ್ಳಿ. ನನ್ನ ಮುದುಕಿ ತೀರಿಕೊಂಡು ಬಹಳ ವರ್ಷವಾಯಿತು. ಅವಳ ಮಾವನ ಬಗ್ಗೆ ನಾನು ಬರೆದಿಟ್ಟುಕೊಂಡದ್ದು ಅರ್ಧ ಪುಟ ಮಾತ್ರ.